ಶೆಂದೂರದ ಒಳಮೈ

ಆ ಮಣ್ಣಿನ ರೊಟ್ಟಿ ನನ್ನ ಕೈಗೆ ಬಂದದ್ದು ನಾವು ಹಟ್ಟಿಗೆ ಹೋದ ಮೂರನೆಯ ದಿನ. ಮೂವರು ಅಕ್ಕತಂಗಿಯರು ಬೇವಿನ ಗಿಡದ ಬುಡದಲ್ಲಿ ಅಡಿಗೆಯಾಟ ಹೂಡಿದ್ದರು. ದೊಡ್ಡಾಕಿಗೆ ಹತ್ತು ಹನ್ನೊಂದು ವರ್ಷ, ಸಣ್ಣಾಕಿಗೆ ಐದು ಇರಬಹುದು. ನನ್ನನ್ನು ಬೀಗರೆಂದು ಕೂರಿಸಿ, ಮುತ್ತಲ ಎಲೆಯ ಮೇಲೆ ಮಣ್ಣಿನ ರೊಟ್ಟಿ, ಬೇವಿನ ಹೂವಿನ ಪಲ್ಯ ಬಡಿಸಿದರು. ತಿಂದಂತೆ ಮಾಡಬೇಕೆಂದು ರೊಟ್ಟಿ ಎತ್ತಿದವಳು ಹಾಗೇ ಹಿಡಿದುಕೊಂಡು ಕೂತೆ. ಅದರ ಮೇಲೆ ಗುಂಡು ಗುಂಡಾದ ಗುರುತುಗಳ ಒಂದು ಸಾಲಿತ್ತು. ಕಡ್ಡಿಯಿಂದ ಗೀರಿದ್ದರೆ ಅಂಚಿನಲ್ಲಿ ಮಣ್ಣು ಮೇಲೇಳುತ್ತದೆ. ಇಲ್ಲಿ ಅಂಚೆಲ್ಲ ನುಣುಪು. ಯಾವುದರ ಮೇಲೋ ಇಟ್ಟು ಒತ್ತಿದ್ದರು.

ನನಗೆ ಹಳೆಯ ಲಿಪಿ ಓದಲು ಬರುವುದಿಲ್ಲ. ಆದರೆ ನಮ್ಮ ಮನೆಯವರು ಬೀದರಿನ ಸರಕಾರಿ ಕಚೇರಿಯೊಂದರಲ್ಲಿ ಹಳೆಯ ಕಲ್ಲುಗಳ ನಕಾಶೆ ಬರೆಯುವವರು. ಶಾಸನಗಳ ಪಡಿಯಚ್ಚುಗಳನ್ನು, ಅಂದರೆ ಕಲ್ಲಿನ ಮೇಲೆ ಒದ್ದೆ ಕಾಗದ ಬಡಿದು ಮಸಿ ತಟ್ಟಿ ತೆಗೆದ ಹಾಳೆಗಳನ್ನು, ಮನೆಯ ಅಂಗಳದಲ್ಲಿ ಒಣಹಾಕುವವಳು ನಾನೇ. ಓದಲಾಗದಿದ್ದರೂ ಆ ಅಕ್ಷರಗಳ ಮೈಕಟ್ಟು ನನಗೆ ಗೊತ್ತು.

ಪೊಲೀಸ್ ಆಕ್ಷನ್ ಆಗಿ ಮೂರು ಬೇಸಿಗೆ ಕಳೆದಿದ್ದವು. ಹೈದರಾಬಾದ್ ರಾಜ್ಯದ ಹೊಸ ಸರಕಾರ ಕಮಲನಗರದಿಂದ ಡಾಬಕಾದ ಕಡೆಗೆ ಒಂದು ಸಡಕು ಹಾಕಿಸುತ್ತಿತ್ತು. ಸಡಕು ಹೋಗುವ ದಾರಿಯಲ್ಲಿ ಕಾಪಾಡಬೇಕಾದ ಕಲ್ಲುಗಳೇನಾದರೂ ಇವೆಯೇ ಎಂದು ನೋಡಿ ಪಟ್ಟಿ ಮಾಡುವುದು ನಮ್ಮವರ ಕೆಲಸ. ಅವರ ಮೇಲಿನ ಸಾಹೇಬರು, ಶಾಸನ ಓದುವವರು, ಭಾಲ್ಕಿಯ ಬಂಗಲೆಯಲ್ಲಿ ಮುಕ್ಕಾಮು ಹೂಡಿದ್ದರು. ನಮ್ಮವರು ಚಳಿಜ್ವರದಿಂದ ಆಗಷ್ಟೇ ಎದ್ದವರು. ಪಥ್ಯದ ಊಟ ಮಾಡಿ ಹಾಕಲು ನಾನೂ ಹೊರಟೆ. ಬೀದರಿನಿಂದ ಕಮಲನಗರಕ್ಕೆ ರೈಲು, ಅಲ್ಲಿಂದ ಮುಂದೆ ಚಕ್ಕಡಿ.

ಹಟ್ಟಿಯೆಂದರೆ ಕುರಿ ಸಾಕುವವರ ಹದಿನಾಲ್ಕು ಮನೆ. ಹೊರಗೆ, ಹಳ್ಳದ ದಂಡೆಯ ಮೇಲೆ, ಎದೆಮಟ್ಟದ ಒಂದು ಕೆಂಪು ಕಲ್ಲು. ಅದೇ ಹಟ್ಟಿ ದೇವರು. ಸಡಕಿನವರು ಹಾಕಿದ ಸುಣ್ಣದ ಗೆರೆ ಹೊಲಗಳನ್ನು ದಾಟಿ ಬಂದು ಆ ಕಲ್ಲಿಗೆ ನೆಟ್ಟಗೆ ತಾಗಿ, ಆಚೆ ಮತ್ತೆ ಶುರುವಾಗಿತ್ತು. ಅಮಾವಾಸ್ಯೆ ಕಳೆಯುತ್ತಲೇ ಅಗೆಯುವವರು ಬರುವವರಿದ್ದರು. ದೇವರನ್ನು ಇಪ್ಪತ್ತು ಮಾರು ಆಚೆ ಇಟ್ಟುಕೊಳ್ಳಿ, ಕಟ್ಟೆ ಕಟ್ಟಿಸಿ ಕೊಡುತ್ತೇವೆ ಎಂದು ಅವರು ಒಳ್ಳೆಯ ಮಾತಿನಲ್ಲೇ ಹೇಳಿದ್ದರು. ಹಟ್ಟಿಯವರು ಒಪ್ಪಿರಲಿಲ್ಲ. ಅದು ಎಲ್ಲಿ ನಿಂತಿದೆಯೋ ಅಲ್ಲಿಯೇ ದೇವರು. ಎತ್ತಿದರೆ ಬರೀ ಕಲ್ಲು. ಸಡಕು ಬಳಸಿ ಹೋಗಬೇಕಾದರೆ ಕಲ್ಲು ಸರಕಾರಿ ಪಟ್ಟಿಯಲ್ಲಿರಬೇಕು, ಪಟ್ಟಿಗೆ ಬರಲು ಅದರ ಮೇಲೆ ಅಕ್ಷರವಾದರೂ ಚಿತ್ರವಾದರೂ ಕಾಣಬೇಕು. ಮೇಲ್ಭಾಗ ಶೆಂದೂರದಲ್ಲಿ ಮುಳುಗಿತ್ತು. ಕೆರೆದು ನೋಡಲು ಅವರು ಬಿಡುವಂತಿರಲಿಲ್ಲ. ಕೆಳಭಾಗವನ್ನು ಯಾರೋ ಉಳಿಯಿಂದ ಕೆತ್ತಿ ಚಪ್ಪಟೆ ಮಾಡಿದ್ದರು.

ಆ ಕಥೆ ನಮಗೆ ಮೊದಲ ದಿನವೇ ಗೊತ್ತಾಯಿತು. ವರ್ಷಕ್ಕೊಮ್ಮೆ, ಕುರಿಯ ಉಣ್ಣೆ ಕತ್ತರಿಸುವ ಮುಂಚೆ, ಎಣ್ಣೆಯಲ್ಲಿ ಕಲಸಿದ ಶೆಂದೂರವನ್ನು ಕಲ್ಲಿಗೆ ಬಳಿಯುತ್ತಾರೆ. ಬಳಿಯುವವರು ಒಂದೇ ಮನೆತನದ, ಇನ್ನೂ ದೊಡ್ಡವರಾಗದ ಹೆಣ್ಣುಮಕ್ಕಳು. ಈಗ ಆ ಸರದಿ ಬೇವಿನ ಗಿಡದ ಈ ಮೂವರದು. ಬೇರೆ ಯಾರ ಕೈಯೂ ತಾಗುವಂತಿಲ್ಲ. ಯಾಕೆಂದರೆ ‘ಮೊದಲಿಂದ ಹಂಗೇ ಅದರಿ’ ಎನ್ನುತ್ತಾರೆ. ಬಳಿದದ್ದರ ಮೇಲೆ ಬಳಿದು ಬೆರಳುಗಾತ್ರ ದಪ್ಪವಾದ ಮೇಲೆ, ಒಂದು ಆಯುಷ್ಯದಲ್ಲಿ ಒಮ್ಮೆಯೋ ಏನೋ, ಆ ತೊಗಟೆ ತಾನಾಗಿ ಕಲ್ಲಿನಿಂದ ಕಳಚಿ ಬೀಳುತ್ತದೆ. ಅದಕ್ಕೆ ದೇವರು ಕವಚ ಬಿಟ್ಟಿತು ಎನ್ನುತ್ತಾರೆ. ಬಿದ್ದ ಕವಚವನ್ನು ಮಾಂಜ್ರಾ ನದಿಗೆ ಒಯ್ದು ಬಿಡಬೇಕು. ಬಿಡುವ ತನಕ ಹಟ್ಟಿಯಲ್ಲಿ ಲಗ್ನ ಇಲ್ಲ.

ಪೊಲೀಸ್ ಆಕ್ಷನ್ನಿಗೆ ಮುಂಚಿನ ಗಲಾಟೆಯ ಬೇಸಿಗೆಯಲ್ಲಿ ಕಲ್ಲಿನ ಕೆಳಭಾಗದ ಕವಚ ಬಿತ್ತು. ಅದೇ ವಾರ ಹಟ್ಟಿಯವರೆಲ್ಲ ಕುರಿ ಹೊಡೆದುಕೊಂಡು ಊರು ಬಿಟ್ಟರು. ಎಲ್ಲ ತಣ್ಣಗಾದ ಮೇಲೆ ಬಂದು ನೋಡಿದರೆ ಕಲ್ಲಿನ ಕೆಳಭಾಗ ಹೋಗಿತ್ತು. ಬತ್ತಲೆ ಕಲ್ಲಿನ ಮೇಲೆ ಏನೋ ಕಂಡು, ನಿಧಿಯ ಗುರುತೆಂದು ಯಾರೋ ದಾರಿಹೋಕರು ಕೆತ್ತಿರಬೇಕು. ಅಲ್ಲಿ ಅಕ್ಷರವಿತ್ತೇ ಎಂದು ನಮ್ಮವರು ಎಲ್ಲರನ್ನೂ ಕೇಳಿದ್ದರು. ಕಂಡವರು ಒಬ್ಬರೂ ಇರಲಿಲ್ಲ.

ಈಗ ನನ್ನ ಕೈಯಲ್ಲಿ ಮಣ್ಣಿನ ರೊಟ್ಟಿ.

ಬೀಗರ ಠೀವಿಯಲ್ಲೇ ಕೇಳಿದೆ: ಭಾಳ ಚಂದ ಆಗ್ಯಾವ ರೊಟ್ಟಿ, ಯಾವ ಹಂಚಿನ ಮೇಲೆ ಸುಟ್ಟಿರಿ? ನಡುವಿನಾಕಿ, ‘ಹಂಚು ಮನ್ಯಾಗ ಅದರಿ’ ಅಂದಳು. ದೊಡ್ಡಾಕಿ ಅವಳ ತೊಡೆ ಚಿವುಟಿದಳು. ಸಣ್ಣಾಕಿ ಇಬ್ಬರನ್ನೂ ನೋಡಿ ತನ್ನ ಬಾಯಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು. ನಾನು ಮುಂದೆ ಕೇಳಲಿಲ್ಲ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರುಗಳು ಮಕ್ಕಳಿಂದ ಗುಟ್ಟು ಹೊರಡಿಸುತ್ತಿದ್ದ ರೀತಿ ನೆನಪಿತ್ತು: ಏನೂ ಕೇಳದೆ ಪಕ್ಕದಲ್ಲಿ ಕೂತು ಹೊಲಿಗೆ ಹಾಕುತ್ತಿರುವುದು. ಮರುದಿನ ಕಸೂತಿ ಹಿಡಿದು ಅದೇ ಗಿಡದ ಕೆಳಗೆ ಕೂತೆ. ಹುಡುಗಿಯರ ಅಜ್ಜಿ ಕುರಿಮರಿಗಳ ಹಿಂದೆ ಹೋದ ಮೇಲೆ ಮೂವರೂ ಮಣ್ಣಿನ ಉಂಡೆ ಹಿಡಿದು ಮನೆಯೊಳಗೆ ಹೋದರು. ಹೊರಬಂದಾಗ ಉಂಡೆ ರೊಟ್ಟಿಯಾಗಿತ್ತು, ರೊಟ್ಟಿಯ ಮೇಲೆ ಗುರುತಿತ್ತು, ಅಂಚಿಗೆ ಒಂದಿಷ್ಟು ಕೆಂಪು ಹತ್ತಿತ್ತು.

ಆ ಸಂಜೆ ಅಜ್ಜಿಯೇ ನಮ್ಮ ಬಿಡಾರಕ್ಕೆ ಬಂದಳು. ಹಟ್ಟಿಯವರೆಲ್ಲ ಅವಳನ್ನು ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಎತ್ತರದ ಆಳು, ಹಣೆಯ ಮೇಲೆ ಹಚ್ಚೆ, ನಿಂತರೆ ಬಾಗಿಲು ತುಂಬುವ ಹೆಂಗಸು. ಅವತ್ತು ಬಾಗಿಲ ಪಕ್ಕಕ್ಕೆ ಸರಿದು ನಿಂತಿದ್ದಳು.

‘ಬಾಯಾರ, ಸಣ್ಣಾಕಿ ಎಲ್ಲಾ ಹೇಳ್ಯಾಳ. ನಿಮ್ಮ ಮನಿಯವರಿಗೆ ಗೊತ್ತದೇನ್ರಿ?’

ಇಲ್ಲ ಅಂದೆ. ‘ಹಂಗಾದ್ರ ಬರ್ರಿ’ ಎಂದು ತನ್ನ ಮನೆಯ ಒಳಕೋಣೆಗೆ ಕರೆದೊಯ್ದಳು. ಜೋಳದ ಕಣಜದ ಹಿಂದೆ ಬಾಯಿಗೆ ಬಟ್ಟೆ ಕಟ್ಟಿದ ದೊಡ್ಡ ಗಡಿಗೆ. ಅದರಲ್ಲಿ ಕವಚದ ತುಂಡುಗಳು.

ಗಲಾಟೆಯ ವಾರ ಮಾಂಜ್ರಾಕ್ಕೆ ಹೋಗುವ ದಾರಿ ಸುರಕ್ಷಿತವಿರಲಿಲ್ಲ. ಬಿದ್ದ ತುಂಡುಗಳನ್ನು ಆಗ ಏಳು ವರ್ಷದವಳಾಗಿದ್ದ ದೊಡ್ಡಾಕಿಯಿಂದ ಆರಿಸಿ ಗಡಿಗೆಗೆ ತುಂಬಿಸಿ ಆಯಿ ಕಣಜದ ಹಿಂದೆ ಬಚ್ಚಿಟ್ಟಿದ್ದಳು. ವಾಪಸು ಬಂದ ಮೇಲೆ ಎಲ್ಲರೂ ಕೇಳಿದರು. ಹೋಗುವ ಹಾದಿಯಲ್ಲೇ ನದಿಗೆ ಬಿಟ್ಟೆ ಎಂದಳು. ನಾಳೆ ಹೋಗಿ ನಿಜವಾಗಿಯೂ ಬಿಟ್ಟರಾಯಿತು ಅಂದುಕೊಂಡಿದ್ದಳಂತೆ. ಆದರೆ ಅವಳ ಮಾತು ನಂಬಿ ಮರುವಾರವೇ ಹಟ್ಟಿಯಲ್ಲಿ ಒಂದು ಲಗ್ನ ನಡೆಯಿತು, ಆಮೇಲೆ ಇನ್ನೆರಡು. ಈಗ ಗಡಿಗೆ ಹೊರಗೆ ತೆಗೆದರೆ ಮೂರು ಮನೆಯವರಿಗೆ ಏನು ಉತ್ತರ ಕೊಡುವುದು ಎಂದು ಅದನ್ನು ಕಣಜದ ಹಿಂದೆಯೇ ಇಟ್ಟುಬಿಟ್ಟಳು.

ಆ ತುಂಡುಗಳಲ್ಲಿ ಏನಿದೆಯೆಂದು ನಾನು ಹೇಳಿದೆ. ಶೆಂದೂರ ಅಕ್ಷರದ ತಗ್ಗಿನೊಳಗೆ ಇಳಿದು ಗಟ್ಟಿಯಾಗಿದೆ. ಕಲ್ಲಿನ ಮೇಲೆ ಹೋದದ್ದು ಇದರ ಒಳಮೈಯಲ್ಲಿ ಉಬ್ಬಾಗಿ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಉಳಿದಿದೆ. ಹುಡುಗಿಯರು ಆಟಕ್ಕೆ ಮಣ್ಣು ಒತ್ತಿದಾಗ ಅದು ಸರಿಯಾಗಿ ಮೂಡಿದೆ. ಆಯಿ ಗಡಿಗೆಯ ಬಾಯಿಗೆ ಬಟ್ಟೆ ಎಳೆದು ಕಟ್ಟಿದಳು. ದೇವರ ಮೈಗೆ ಮಣ್ಣು ಮೆತ್ತಿದ ಮೊಮ್ಮಕ್ಕಳನ್ನು ಬೈಯಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಳೋ ಏನೋ. ಕೊನೆಗೆ ಅಂದಳು:

‘ನೀವು ಮುಟ್ಟಂಗಿಲ್ಲ, ನಾನೂ ಮುಟ್ಟಂಗಿಲ್ಲ. ಏನ್ ಮಾಡ್ಸೂದದ, ಹುಡುಗ್ಯಾರ ಕೈಲೆ ಮಾಡ್ಸ್ರಿ. ಮಾತು ಮಾತ್ರ ಹೊಸ್ತಿಲ ದಾಟಬಾರದು.’

ನಮ್ಮ ಮನೆಯವರಿಗೊಬ್ಬರಿಗೆ ಹೇಳಲೇಬೇಕಾಗುತ್ತದೆ ಅಂದೆ. ಅದಕ್ಕೆ ಒಪ್ಪಿದಳು, ಹೇಳದಿದ್ದರೂ ಗಂಡಸರಿಗೆ ಮಜ್ಜಿಗೆ ಕುಡಿಯುವಾಗ ಗೊತ್ತಾಗಿಯೇ ಆಗುತ್ತದೆ ಎಂದು ನಕ್ಕಳು ಕೂಡ.

ಹೀಗೆ ನನ್ನ ಕೆಲಸ ಶುರುವಾಯಿತು: ಎರಡೂ ಕೈಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಕೂತು, ಆರು ಪುಟ್ಟ ಕೈಗಳಿಂದ ಅಚ್ಚು ತೆಗೆಸುವುದು. ಐದು ದೊಡ್ಡ ತುಂಡುಗಳಲ್ಲಿ ಅಕ್ಷರವಿದ್ದದ್ದು ಎರಡರಲ್ಲಿ. ಕೆಂಪಿನ ಮೇಲೆ ಕೆಂಪು, ಕಣ್ಣಿಗೆ ಕಾಣುತ್ತಿರಲಿಲ್ಲ. ಸಣ್ಣಾಕಿ ಮಾತ್ರ ಕಣ್ಣು ಮುಚ್ಚಿ ಬೆರಳು ಆಡಿಸಿ ‘ಇಲ್ಲಿ ಅದ, ಇಲ್ಲಿ ಇಲ್ಲ’ ಎಂದು ತೋರಿಸುವಳು. ನಮ್ಮವರು ಕಾಗದ ಬಡಿಯುವ ಬಿರುಸು ಬ್ರಶ್ಶಿನ ಏಟಿಗೆ ಕವಚ ಪುಡಿಯಾಗುತ್ತಿತ್ತು. ಬಿಸಿ ಮೇಣ ಹುಯ್ದರೆ ಕರಗುತ್ತಿತ್ತು. ಮಣ್ಣಿನ ಹರಳು ಗೀರುತ್ತಿತ್ತು. ಹಿಟ್ಟೇ ಸರಿಯೆಂದುಕೊಂಡೆ.

ಅಲ್ಲಿ ನಾನು ತಪ್ಪಿದೆ. ಹಿಟ್ಟಿನಲ್ಲಿ ಎಲ್ಲಕ್ಕಿಂತ ನಯವಾದದ್ದು ಹೋಳಿಗೆಯ ಕಣಕ ಎಂಬುದು ನನ್ನ ಅಡಿಗೆಮನೆಯ ಹೆಮ್ಮೆ. ಗೋಧಿ ಹಿಟ್ಟು ಜರಡಿ ಹಿಡಿದು, ಎಣ್ಣೆ ಹಾಕಿ, ಎರಡು ತಾಸು ನಾದಿ ಮೆತ್ತಗೆ ಮಾಡಿದೆ. ಚಿಕ್ಕ ತುಂಡಿನ ಮೇಲೆ ದೊಡ್ಡಾಕಿ ಒತ್ತಿದಳು. ಬಿಡಿಸುವಾಗ ಕಣಕ ರಬ್ಬರಿನಂತೆ ಎಳೆದುಕೊಂಡಿತು. ಒತ್ತಿದ ಅಕ್ಷರ ಅಲ್ಲೇ ಕೂಡಿಕೊಂಡು ಮಸುಕಾಯಿತು. ಅಷ್ಟೇ ಆಗಿದ್ದರೆ ಸರಿ. ಅದರ ಜೊತೆ ಶೆಂದೂರದ ಒಂದು ಹಪ್ಪಳ, ಎರಡು ಬೆರಳಿನ ಅಗಲದ್ದು, ಕಿತ್ತು ಬಂತು. ಕೂಡಲೇ ಮುದುಡಿ ಹಿಟ್ಟಿನೊಳಗೆ ಪುಡಿಯಾಯಿತು. ಎರಡು ಮೂರು ಅಕ್ಷರ ಹೋದವು. ನಾನು ನಾದಿದ ಹಿಟ್ಟಿನಲ್ಲಿ ಹೋದವು. ದೊಡ್ಡಾಕಿ ತನ್ನ ತಪ್ಪೆಂದು ಅಳತೊಡಗಿದಳು.

ಸಣ್ಣಾಕಿ ಆ ಗಾಯದೊಳಗೆ ಇಣುಕುತ್ತಿದ್ದಳು. ‘ಬಾಯಾರ, ಇಲ್ಲಿ ಯಾರೋ ಕೈ ಇಟ್ಟಾರ ನೋಡ್ರಿ’ ಅಂದಳು.

ತುಂಡನ್ನು ಬೆಳಕಿಂಡಿಗೆ ಹಿಡಿಯಲು ಹೇಳಿ ಬಗ್ಗಿ ನೋಡಿದೆ. ಕಿತ್ತುಬಂದದ್ದು ಕಲ್ಲಿಗೆ ತಾಗಿದ್ದ ಪದರ, ಎಲ್ಲಕ್ಕಿಂತ ಮೊದಲು ಬಳಿದದ್ದು. ಅದು ಹೋದ ಜಾಗದಲ್ಲಿ, ಮೊದಲ ಪದರವನ್ನು ಬಳಿದವರ ಬೆರಳು ಎಳೆದ ಗೆರೆಗಳು ಎರಡನೆಯ ಪದರದ ಮೈಗೆ ಮೂಡಿ ನಿಂತಿದ್ದವು. ಮೂರು ಬೆರಳಿನ ಮೂರು ಗೆರೆ, ಮೇಲಿಂದ ಕೆಳಗೆ. ಒಂದು ಕಡೆ ಬೆರಳ ತುದಿ ನಿಂತ ಚುಕ್ಕೆ. ಅದರಲ್ಲಿ ಸಣ್ಣ ಸಣ್ಣ ಸುತ್ತುಗೆರೆಗಳೂ ಇದ್ದವು. ನಾನು ಸಣ್ಣಾಕಿಗೆ ನಿನ್ನ ಬೆರಳು ಅಲ್ಲಿಡು ಅಂದೆ. ಇಟ್ಟಳು. ಗೆರೆಗಳು ಅವಳ ಬೆರಳಿಗಿಂತ ತುಸು ಅಗಲ. ದೊಡ್ಡಾಕಿ ಅಳು ನಿಲ್ಲಿಸಿ ಬಂದು ತನ್ನದನ್ನು ಇಟ್ಟಳು. ಸರಿಹೋಯಿತು.

ಎಷ್ಟು ಕಾಲದ ಹಿಂದಿನ ಹುಡುಗಿ, ನನಗೇನು ಗೊತ್ತು. ಅವತ್ತು ಬಿಸಿಲು ಏರುವವರೆಗೆ ನಾವು ನಾಲ್ವರೂ ಅದನ್ನೇ ನೋಡುತ್ತ ಕೂತೆವು. ನಡುವಿನಾಕಿ ಮೆಲ್ಲಗೆ, ‘ಆಕಿಗೂ ಕೈ ತೊಳಕೊಂಡ್ರ ಕೆಂಪು ಹೋಗ್ತಿದ್ದಿಲ್ಲ ಕಾಣ್ತದ’ ಅಂದಳು.

ದಾರಿ ತೋರಿಸಿದವಳು ಆಯಿ. ಹಿಟ್ಟಿನ ಕಥೆ ಕೇಳಿ, ನೀವು ಪಟ್ಟಣದವರು ಎಲ್ಲಕ್ಕೂ ಗೋಧಿನೇ ಹಿಡೀತೀರಿ ಎಂದು ಛೇಡಿಸಿದಳು. ಜೋಳದ ಹಿಟ್ಟಿಗೆ ಜಿಗಿ ಇಲ್ಲ. ಕುದಿಯುವ ಎಸರು ಹಾಕಿ ಕಲಸಿದರೆ ಒತ್ತಿದಂತೆ ಕೂರುತ್ತದೆ, ಎಳೆದುಕೊಳ್ಳುವುದಿಲ್ಲ. ಅವಳೇ ಬೀಸಿದಳು. ನಾನು ತೆಳು ಮಲಮಲ್ ಬಟ್ಟೆಯಲ್ಲಿ ಎರಡು ಸಲ ಸೋಸಿದೆ. ಎಸರು ಹಾಕಿ ನಾದಿ, ಶೆಂದೂರದ ಎಣ್ಣೆ ಸಡಿಲಾಗಬಾರದೆಂದು ಪೂರ್ತಿ ಆರಿಸಿದೆ. ನಡುವಿನಾಕಿ ಕವಚದ ಮೇಲೆ ಒಣ ಹಿಟ್ಟು ಊದಿದಳು. ದೊಡ್ಡಾಕಿ ನಡುವಿನಿಂದ ಅಂಚಿಗೆ ಒತ್ತುತ್ತ ಹೋದಳು. ನೂರು ಎಣಿಸಿದೆವು. ತಿರುಗಿಸಿ ತಟ್ಟಿದಾಗ ಹಿಟ್ಟು ತಾನಾಗಿ ಬಿಟ್ಟು ಅವಳ ಅಂಗೈಗೆ ಬಿತ್ತು.

ಮೂರು ಸಾಲು. ಯಾರೋ ಈಗಷ್ಟೇ ಬರೆದು ಎದ್ದು ಹೋದಂತೆ ಅಕ್ಷರಗಳು ಚೊಕ್ಕಾಗಿ ಕೂತಿದ್ದವು. ಓರೆ ಬೆಳಕಿನಲ್ಲಿ ಪ್ರತಿಯೊಂದು ತಗ್ಗಿನಲ್ಲೂ ನೆರಳು ನಿಂತಿತ್ತು.

ಜೋಳದ ಹಿಟ್ಟು ತಾಸಿನೊಳಗೆ ಒಣಗಿ ಬಿರಿಯತೊಡಗುತ್ತದೆ. ಅಷ್ಟರಲ್ಲಿ ಟ್ರೇಸಿಂಗ್ ಕಾಗದ ಇಟ್ಟು ನಾನು ಒಂದೊಂದೇ ಅಕ್ಷರ ಇಳಿಸಿಕೊಂಡೆ. ಕಸೂತಿಯ ಚಿತ್ರ ಇಳಿಸುವ ಅಭ್ಯಾಸದ ಕೈ. ಒಂದು ಸಾಲಿಗೆ ಮೂರು ಸಲ ಅಚ್ಚು, ಮೂರು ಸಲ ಪ್ರತಿ. ಮೂರೂ ಹೊಂದಿದರೆ ಮಾತ್ರ ಮುಂದಿನ ಸಾಲು. ನಾಲ್ಕು ದಿನ ಹಿಡಿಯಿತು. ಅಮಾವಾಸ್ಯೆಗೆ ಆರು ದಿನ ಉಳಿದಿತ್ತು.

ಪ್ರತಿಗಳನ್ನೂ, ಒದ್ದೆ ಬಟ್ಟೆ ಸುತ್ತಿದ ಹಿಟ್ಟಿನ ಅಚ್ಚನ್ನೂ ತಗಡಿನ ಡಬ್ಬಿಯಲ್ಲಿಟ್ಟುಕೊಂಡು ನಾನೂ ನಮ್ಮವರೂ ಭಾಲ್ಕಿಗೆ ಹೋದೆವು. ಬಂಗಲೆಯಲ್ಲಿ ಡಬ್ಬಿ ತೆರೆದರೆ ಅಚ್ಚು ಏಳು ಚೂರು. ಸಾಹೇಬರು ಒಳ್ಳೆಯವರು, ನಗಲಿಲ್ಲ. ನನ್ನ ಪ್ರತಿಯನ್ನು ಬಹಳ ಹೊತ್ತು ನೋಡಿದರು. ಅವರ ತುಟಿ ಅಲುಗುತ್ತಿತ್ತು. ಆಮೇಲೆ ಕಾಗದ ಕೆಳಗಿಟ್ಟು, ಹಿಟ್ಟಿನ ಮೇಲೆ ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದು, ಇದು ಯಾವುದರಿಂದ ತೆಗೆದದ್ದು ಎಂದು ಕೇಳಿದರು. ನಾನು ಹೇಳಲಿಲ್ಲ. ಆ ಮೂಲವಸ್ತುವನ್ನು ಇಲ್ಲಿಗೆ ತಂದು ತೋರಿಸಿದರೆ ಪಟ್ಟಿಗೆ ಸೇರಿಸುತ್ತೇನೆ, ಇಲ್ಲದಿದ್ದರೆ ಆಗದು ಅಂದರು.

ಹೊರಗೆ ಬಂದ ಮೇಲೆ ನಮ್ಮವರು ಹೇಳಿದ್ದು ಸರಳವಾಗಿಯೇ ಇತ್ತು. ಆಯಿ ಕುರಿಯ ಹಿಂದೆ ಹೋದಾಗ ಹುಡುಗಿಯರ ಕೈಯಲ್ಲೇ ಎರಡು ತುಂಡು ಎತ್ತಿಸಿ ಡಬ್ಬಿಗೆ ಹಾಕೋಣ. ನಾವು ಮುಟ್ಟಿದಂತಾಗುವುದಿಲ್ಲ. ಎರಡು ದಿನದಲ್ಲಿ ತಿರುಗಿ ತಂದಿಡೋಣ. ಕಲ್ಲು ಉಳಿಯುತ್ತದಲ್ಲ? ಕಲ್ಲಿನ ಮೇಲೆ ಅವರಿಗಿದ್ದ ಆಸ್ಥೆ ನನಗೆ ಗೊತ್ತು. ಒಂದು ಗಳಿಗೆ ನನಗೂ ಹೌದೆನ್ನಿಸಿತು. ಆದರೆ ಆ ಮೂವರು ಹುಡುಗಿಯರಿಗೆ ಅಜ್ಜಿಯ ಕಣ್ಣು ತಪ್ಪಿಸಿ ದೇವರನ್ನು ಎತ್ತಿಕೊಡಿ ಎಂದು ಹೇಳುವ ಬಾಯಿ ನನ್ನದಾಗಬೇಕಿತ್ತು. ನಾನು ಒಲ್ಲೆನೆಂದೆ. ಮದುವೆಯಾಗಿ ಎಂಟು ವರ್ಷದಲ್ಲಿ ಅವರಿಗೆ ಹಾಗೆ ಅಂದದ್ದು ಅದೇ ಮೊದಲು. ಬಂಗಲೆಯೊಳಗೆ ಒಬ್ಬಳೇ ತಿರುಗಿ ಹೋಗಿ, ಸಾಹೇಬರಿಗೆ ಕೈಮುಗಿದು, ವಸ್ತು ಬರುವಂಥದ್ದಲ್ಲ, ನೀವೇ ಬರಬೇಕು ಎಂದು ಕೇಳಿಕೊಂಡೆ. ಅವರು ಗಡಿಯಾರ ನೋಡಿದರು, ಕಾಗದ ನೋಡಿದರು. ನಾಡಿದ್ದು ಬರುತ್ತೇನೆ ಅಂದರು.

ಹಟ್ಟಿಗೆ ಬಂದು ಆಯಿಗೆ ಇದ್ದದ್ದು ಇದ್ದಂತೆ ಹೇಳಿದೆ. ಗಡಿಗೆ ಹೊರಗೆ ಬಂದರೆ ಕಲ್ಲು ಉಳಿಯಬಹುದು, ನಿನ್ನ ಮಾತು ಉಳಿಯುವುದಿಲ್ಲ. ಬೇಡವೆಂದರೆ ಸಾಹೇಬರಿಗೆ ನಾನೇ ಏನಾದರೂ ಹೇಳಿ ಕಳಿಸುತ್ತೇನೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿದದ್ದನ್ನು ಹಂಚಿಗೆ ಹಾಕಿ ಮುಂದಿನ ಉಂಡೆ ಎತ್ತಿಕೊಂಡಳು.

ಸಾಹೇಬರ ಚಕ್ಕಡಿ ಬಂದ ದಿನ ಮುಂಜಾನೆ ಆಯಿ ಹಟ್ಟಿಯ ಹಿರಿಯರನ್ನೆಲ್ಲ ಬೇವಿನ ಗಿಡದ ಕೆಳಗೆ ಕರೆಸಿದಳು. ಹೊಸ ಕಂಬಳಿ ಹಾಸಿಸಿದಳು. ಹುಡುಗಿಯರು ಗಡಿಗೆ ತಂದಿಟ್ಟರು. ಆಯಿ ಸೆರಗು ಹೊದ್ದು ನಿಂತು, ‘ನಾನು ಸುಳ್ಳ ಹೇಳಿದ್ದೆ. ಕವಚ ನದಿಗಿ ಬಿಟ್ಟಿಲ್ಲ. ಇಲ್ಲೇ ಅದ’ ಅಂದಳು. ಅಷ್ಟೇ.

ಮೂರು ಲಗ್ನದ ಮನೆಯವರು ಒಬ್ಬರನ್ನೊಬ್ಬರು ನೋಡಿಕೊಂಡರು. ಆಗ ಆಯಿಯ ಮೈದುನ, ಆ ಮೂರರಲ್ಲಿ ಒಂದು ಲಗ್ನ ತನ್ನ ಮಗನದೇ ಆಗಿದ್ದ ಹಲ್ಲಿಲ್ಲದ ಮುದುಕ, ಎಲೆಅಡಿಕೆ ಉಗುಳಿ ಬಂದು ಕೂತು ಹೇಳಿದ: ‘ಅದಕ್ಕೇ ನನ್ನ ಸೊಸಿ ಹಂಗದಾಳ! ನಾ ಸುಮ್ಮ ಅವರಪ್ಪಗ ಬೈದೆ.’ ಬಾವಿಕಟ್ಟೆಯ ಕಡೆಯಿಂದ ಸೊಸೆಯ ದನಿ ಬಂತು, ಮಾವನೋರೇ ಇವತ್ತು ಬಿಸಿ ರೊಟ್ಟಿ ಬ್ಯಾಡೇನ್ರಿ ಎಂದು. ಮೊದಲು ಹೆಂಗಸರು ನಕ್ಕರು, ಆಮೇಲೆ ಎಲ್ಲರೂ. ಆಯಿ ಮಾತ್ರ ನಗದೆ ಕೂತುಬಿಟ್ಟಳು.

ಹುಡುಗಿಯರು ಸಾಹೇಬರ ಎದುರಿಗೇ ಅಚ್ಚು ಒತ್ತಿದರು. ಅವರು ಕಂಬಳಿಯ ಮೇಲೆ ಮೊಣಕಾಲೂರಿ, ಹಿಟ್ಟಿನಿಂದ ಒಂದು ಗೇಣು ದೂರದಲ್ಲಿ ಮುಖವಿಟ್ಟು ಓದಿದರು. ಏಳೆಂಟು ನೂರು ವರ್ಷದ ಹಿಂದಿನ ಅಕ್ಷರ ಅಂದರು. ಕುರಿಹಿಂಡು ಹೊಡೆದುಕೊಂಡು ಹೋಗುವ ಕಳ್ಳರನ್ನು ಒಬ್ಬನು ಇದೇ ಹಳ್ಳದಲ್ಲಿ ಅಡ್ಡಗಟ್ಟಿ, ಹಿಂಡು ಬಿಡಿಸಿ, ಇಲ್ಲಿಯೇ ಬಿದ್ದನಂತೆ. ಬಿದ್ದ ಜಾಗದಲ್ಲಿ ಕಲ್ಲು ನಿಲ್ಲಿಸಿದವಳು ಅವನ ತಂಗಿ. ಅವಳ ಹೆಸರಿನ ಜಾಗ ಬಂದಾಗ ಸಾಹೇಬರು ನಿಂತರು. ಮೊದಲ ಒಂದು ಅಕ್ಷರ ಇದೆ, ಮುಂದಿನದು ಕಿತ್ತುಹೋಗಿದೆ ಅಂದರು. ನನ್ನ ತಪ್ಪು ಅದು, ನನ್ನ ಗೋಧಿ ಹಿಟ್ಟಿನದು ಎಂದು ಎಲ್ಲರೆದುರು ಹೇಳಿದೆ.

ಆಯಿ ಸಣ್ಣಾಕಿಗೆ ಆ ತುಂಡು ತಾ ಅಂದಳು. ಗಾಯದ ಕಡೆ ತಿರುಗಿಸಿ ಹಿಡಿಸಿದಳು. ಬೆರಳಗೆರೆಗಳನ್ನು ಅವಳು ಬೆಳಕಿನಲ್ಲಿ ನೋಡಿದ್ದು ಅದೇ ಮೊದಲು.

‘ಹೆಸರು ಹೋದ್ರ ಹೋಗ್ಲಿ ಬಾಯಾರ’ ಅಂದಳು. ‘ಕೈ ಅದ.’

ಪಟ್ಟಿಗೆ ಸೇರಿಸಲು ಸಾಹೇಬರದು ತಕರಾರಿರಲಿಲ್ಲ. ತುಂಡುಗಳನ್ನು ಬೀದರಿಗೆ ಒಯ್ಯಬೇಕೆಂಬುದು ಅವರ ಆಸೆ. ಇಂಥದ್ದು ಎಲ್ಲಿಯೂ ಕಂಡಿಲ್ಲ, ಗಾಜಿನ ಪೆಟ್ಟಿಗೆಯಲ್ಲಿಡುತ್ತೇನೆ ಅಂದರು. ಹಿರಿಯರು ಇದನ್ನು ಮೂರು ವರ್ಷ ತಡವಾಗಿ ಕೇಳುತ್ತಿದ್ದೇವೆ, ಇನ್ನೊಂದು ದಿನವೂ ಇಟ್ಟುಕೊಳ್ಳುವಂತಿಲ್ಲ ಅಂದರು. ಹಾಗಾದರೆ ನನ್ನ ಕಡತದಲ್ಲಿ ಸಾಕ್ಷಿಗೆ ಏನು ಉಳಿಯುತ್ತದೆ ಎಂದು ಅವರು ಕೇಳಿದ್ದೂ ನ್ಯಾಯವೇ. ಆಗ ನನ್ನ ಪ್ರತಿಗಳ ಕೆಳಗೆ, ಇದನ್ನು ಹೀಗೆ ತೆಗೆಸಿದವಳು ನಾನು, ಕಣ್ಣಾರೆ ಕಂಡವಳು ನಾನು ಎಂದು ಬರೆದು ರುಜು ಹಾಕಿದೆ. ಹೋದ ಅಕ್ಷರಗಳು ಯಾರಿಂದ ಹೋದವೆಂಬುದನ್ನೂ ಬರೆದೆ. ಸಾಹೇಬರು ಎರಡು ಸಲ ಓದಿ, ಅದರ ಕೆಳಗೆ ತಮ್ಮ ರುಜು ಹಾಕಿ, ಕಲ್ಲನ್ನು ಪಟ್ಟಿಗೆ ಸೇರಿಸಿ, ಪೆನ್ನಿನ ಮುಚ್ಚಳ ತಿರುಗಿಸಿದರು.

ಮರುದಿನ ಇಡೀ ಹಟ್ಟಿ ಮಾಂಜ್ರಾಕ್ಕೆ ಹೊರಟಿತು. ಭಾಲ್ಕಿಗೆ ಹೋಗಬೇಕಿದ್ದ ಸಾಹೇಬರು ಚಕ್ಕಡಿ ತಿರುಗಿಸಿ ಹಿಂದೆ ಬಂದರು. ಬೇಸಿಗೆಯ ನದಿ, ಮೊಣಕಾಲುದ್ದ ನೀರು, ತಳದ ಉಸುಕು ಕಾಣುವಷ್ಟು ತಿಳಿ. ಹುಡುಗಿಯರು ಲಂಗ ಎತ್ತಿಕಟ್ಟಿ ಇಳಿದರು. ಬರಿಯ ತುಂಡುಗಳನ್ನು ಮೊದಲು ಬಿಟ್ಟರು. ಅಕ್ಷರವಿದ್ದ ಎರಡನ್ನು ಕೊನೆಗೆ, ಒಳಮೈ ಮೇಲಾಗಿ. ತೇಲಿ ಹೋದಾವೆಂದುಕೊಂಡಿದ್ದೆ. ಭಾರದ ಶೆಂದೂರ, ಎಲ್ಲಿ ಬಿಟ್ಟರೋ ಅಲ್ಲೇ ಮೆಲ್ಲಗೆ ಕೂತವು. ಕವಚದ ಒಣ ಬಣ್ಣ ನೀರು ಕುಡಿದು ಉರಿಗೆಂಪಾಯಿತು. ಅಲೆಗಳ ಕೆಳಗೆ, ಅಡ್ಡ ಬಿಸಿಲಿನಲ್ಲಿ, ಮೂರು ಸಾಲುಗಳೂ ಆ ಮೂರು ಬೆರಳ ಗೆರೆಗಳೂ ಎಂದೂ ಕಾಣದಷ್ಟು ನಿಚ್ಚಳವಾಗಿ ಕಂಡವು. ಸಾಹೇಬರು ಬೂಟು ಕಳಚಿ ಕೈಯಲ್ಲಿ ಹಿಡಿದಿದ್ದರು.

ಉಳಿದ ಹಿಟ್ಟಿನ ಅಚ್ಚುಗಳನ್ನು ಸಣ್ಣಾಕಿ ಮುರಿದು ಮೀನುಗಳಿಗೆ ಹಾಕಿದಳು. ಅವು ಎಲ್ಲ ಸೇರಿ ಬಂದು ತಿಂದವು. ನಾವು ತಿರುಗುವ ಹೊತ್ತಿಗೆ ಉಸುಕು ಎಳೆಎಳೆಯಾಗಿ ಬಂದು ಕೆಂಪಿನ ಅಂಚನ್ನು ಮುಚ್ಚತೊಡಗಿತ್ತು.